ಎಫ್‌ಎಫ್‌ಎಂಪೆಗ್, ಜಿಸ್ಟ್ರೀಮರ್: ಮದುವೆ ವಿಡಿಯೋಗೆ ಎರಡನ್ನೂ ಹಚ್ಚಿ ನೋಡಿದೆ

ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ನಮ್ಮಣ್ಣನದು ಸಣ್ಣ ಸ್ಟುಡಿಯೋ. ಕ್ಯಾಮೆರಾ ಅವನದು, ಕಂಪ್ಯೂಟರ್ ಗೋಳು ನನ್ನದು. ಹಳೇ ಮದುವೆ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವುದು ಒಂದು ಕೆಲಸ, ಕಲ್ಯಾಣ ಮಂಟಪದಿಂದ ಲೈವ್ ಕೊಡುವುದು ಇನ್ನೊಂದು. ಎರಡು ಕೆಲಸಕ್ಕೂ ಎಫ್‌ಎಫ್‌ಎಂಪೆಗ್, ಜಿಸ್ಟ್ರೀಮರ್ ಅನ್ನುವ ಎರಡು ವಿಡಿಯೋ ಸಾಫ್ಟ್‌ವೇರ್‌ಗಳನ್ನೂ ಓಡಿಸಿ ನೋಡಿದ್ದೇನೆ. ಎರಡೂ ಓಪನ್ ಸೋರ್ಸ್, ದುಡ್ಡಿನ ಮಾತೇ ಇಲ್ಲ.

ಕ್ಯಾಸೆಟ್‌ಗೆ ಎಫ್‌ಎಫ್‌ಎಂಪೆಗ್ಗೇ ಸರಿ. ಪಾಲ್ (ನಮ್ಮಲ್ಲಿನ ಹಳೇ ಟಿವಿ ಪದ್ಧತಿ) ಕ್ಯಾಸೆಟ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಆದರೆ ಒಂದೊಂದು ಫ್ರೇಮೂ ಬೇರೆ ಬೇರೆ ಹೊತ್ತಿನ ಎರಡು ಅರ್ಧ ಸೇರಿ ಆಗಿರುತ್ತದೆ. ಅದಕ್ಕೇ ಕಂಪ್ಯೂಟರ್‌ನಲ್ಲಿ ಆರತಿ ತಟ್ಟೆ ಅಲ್ಲಾಡಿದಾಗ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಯಾಡಿಫ್ ಫಿಲ್ಟರ್ ಸೇರಿಸಿದರೆ ಹಲ್ಲು ಮಾಯ. ಬರೀ ಕತ್ತರಿಸುವುದಿದ್ದರೆ ಕಾಪಿ ಅಂತ ಕೊಟ್ಟರೆ ಸಾಕು, ಮತ್ತೆ ಎನ್‌ಕೋಡ್ ಮಾಡುವುದಿಲ್ಲ, ಅಂದರೆ ವಿಡಿಯೋವನ್ನು ಹೊಸದಾಗಿ ಕುಗ್ಗಿಸಿ ಬರೆಯುವುದಿಲ್ಲ, ಮೂರು ಗಂಟೆಯ ಫೈಲ್ ಚಹಾ ಬರುವುದರೊಳಗೆ ತಯಾರು. ಆದರೆ ಕತ್ತರಿ ಕೀಫ್ರೇಮ್ (ನಡುನಡುವೆ ಬರುವ ಪೂರ್ತಿ ಚಿತ್ರ) ಇದ್ದಲ್ಲೇ ಬೀಳುವುದರಿಂದ ತಾಳಿ ಕಟ್ಟುವ ಗಳಿಗೆಗೇ ಸರಿಯಾಗಿ ಶುರುವಾಗಬೇಕು ಅಂದರೆ ಎನ್‌ಕೋಡ್ ತಪ್ಪದು.

ಜಿಸ್ಟ್ರೀಮರ್‌ನಲ್ಲೂ ಇದು ಆಗುತ್ತದೆ. ಆದರೆ ಓದುವುದಕ್ಕೊಂದು, ಬರೆಯುವುದಕ್ಕೊಂದು ಅಂತ ಇರುವ ಒಂದೊಂದು ತುಂಡನ್ನೂ ಕಮಾಂಡ್‌ನಲ್ಲಿ ನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕೈಯಾರೆ ಪೋಣಿಸಬೇಕು. ಇಷ್ಟು ಕೆಲಸಕ್ಕೆ ಸುಮ್ನೆ ತಲೆನೋವು ಅಲ್ವಾ?

ಲೈವ್ ಬೇರೆ ಕಥೆ. ಒಂದೇ ಕ್ಯಾಮೆರಾ ಚಿತ್ರ ಯೂಟ್ಯೂಬ್‌ಗೂ ಹೋಗಬೇಕು, ಡಿಸ್ಕ್‌ಗೂ ಇಳಿಯಬೇಕು. ಎಫ್‌ಎಫ್‌ಎಂಪೆಗ್‌ನಲ್ಲಿ ಒಂದೇ ಕಮಾಂಡ್ ಕೊಟ್ಟಿದ್ದೆ. ಧಾರೆ ಹೊತ್ತಿಗೆ ನೆಟ್ ಹೋಯಿತು, ಜೊತೆಗೆ ರೆಕಾರ್ಡಿಂಗೂ ನಿಂತಿತು! ಒಂದು ಕಡೆ ಕೆಟ್ಟರೂ ಇನ್ನೊಂದನ್ನು ನಿಲ್ಲಿಸಬೇಡ ಅನ್ನುವ ಆಯ್ಕೆ ಅದರಲ್ಲೂ ಇದೆ, ನನಗೆ ಗೊತ್ತಾಗಿದ್ದು ಬೈಗುಳ ತಿಂದ ಮೇಲೆ.

ಆಮೇಲೆ ಜಿಸ್ಟ್ರೀಮರ್ ಹಿಡಿದೆ. ಇದರ ಪ್ಲಗಿನ್ (ಬೇಕಾದಾಗ ಸೇರಿಸಿಕೊಳ್ಳುವ ಬಿಡಿಭಾಗ) ಗಂಟುಗಳಿಗೆ ಗುಡ್, ಬ್ಯಾಡ್, ಅಗ್ಲಿ ಅಂತ ಹೆಸರು. ನನಗೆ ಬೇಕಾದ, ವಿಡಿಯೋ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ಸಿಕ್ಕಿದ್ದು ಅಗ್ಲಿಯಲ್ಲಿ. ಟೀ ಅನ್ನುವ ತುಂಡು ಹಾಕಿ ಚಿತ್ರದ ಹರಿವನ್ನು ಕವಲೊಡೆಸಿ, ಪ್ರತಿ ಕವಲಿಗೂ ಕ್ಯೂ (ಫ್ರೇಮ್‌ಗಳು ಸರದಿ ಕಾಯುವ ಜಾಗ) ಇಟ್ಟೆ. ಆದರೂ ಕಪ್ಪು ಪರದೆ, ಎರರ್ ಕೂಡ ಇಲ್ಲ. ಎರಡು ರಾತ್ರಿ ಹೋದವು. ಎನ್‌ಕೋಡರ್ ಮುಂದಿನ ಹತ್ತಾರು ಫ್ರೇಮ್ ನೋಡಿಯೇ ಮೊದಲನೆಯದನ್ನು ಬಿಡುತ್ತದೆ, ಅಷ್ಟರಲ್ಲಿ ಒಂದು ಸೆಕೆಂಡ್ ಅಳತೆಯ ಕ್ಯೂ ತುಂಬಿ ಎಲ್ಲಾ ಕಟ್ಟಿಕೊಳ್ಳುತ್ತದೆ. ಮುಂದಿನ ಫ್ರೇಮ್‌ಗೆ ಕಾಯಬೇಡ ಅಂತ ಹೇಳುವ ಝೀರೋಲೇಟೆನ್ಸಿ ಟ್ಯೂನ್ ಕೊಟ್ಟೆ, ಹರಿಯಿತು.

ಈಗ ಇದನ್ನೆಲ್ಲಾ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಆಗಿ ಬರೆದಿಟ್ಟಿದ್ದೇನೆ. ನೆಟ್ ಹೋದರೆ ಯೂಟ್ಯೂಬ್ ಕವಲನ್ನಷ್ಟೇ ಕಳಚಿ, ಬಂದಾಗ ಮತ್ತೆ ಜೋಡಿಸುತ್ತದೆ. ಮೊನ್ನೆ ಒಂದು ಮದುವೆಯಲ್ಲಿ ನಾಲ್ಕು ಸಲ ನೆಟ್ ಹೋಯಿತು, ರೆಕಾರ್ಡಿಂಗ್ ಅಲ್ಲಾಡಲಿಲ್ಲ. ಆ ಫೈಲನ್ನು ಕತ್ತರಿಸಿದ್ದು ಮಾತ್ರ ಎಫ್‌ಎಫ್‌ಎಂಪೆಗ್‌ನಲ್ಲೇ.