ಕಾರಿನ ಗಾಜು ಬಿಡದೆ ಮಂಜಾಗುತ್ತಿದೆಯಾ? ಎಸಿ ಬಿಚ್ಚಿಸುವ ಮೊದಲು ಮ್ಯಾಟ್ ಎತ್ತಿ ನೋಡಿ

ಮಳೆಗಾಲದಲ್ಲಿ ಕಾರಿನ ಗಾಜು ಒಳಗಡೆ ಮಂಜಾಗುವುದು ಹೊಸದೇನಲ್ಲ. ಎಸಿ ಹಾಕಿದರೆ ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ, ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾನು ಹೇಳುತ್ತಿರುವುದು ಬೇರೆ ಸಮಸ್ಯೆ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಎಲ್ಲ ಗಾಜಿನ ಒಳಮೈಯಲ್ಲೂ ನೀರಿನ ಹನಿ ಕೂತಿರುತ್ತದೆ. ಎಸಿ ಹಾಕಿದರೆ ಹೋಗುತ್ತದೆ, ಆಫ್ ಮಾಡಿದರೆ ಮತ್ತೆ ಬರುತ್ತದೆ. ಒಳಗೆಲ್ಲ ಮುಗ್ಗಲು ವಾಸನೆ. ನಿಮ್ಮ ಕಾರು ದಿನಾ ಹೀಗೆ ಮಾಡುತ್ತಿದ್ದರೆ ಅದರೊಳಗೆ ಎಲ್ಲೋ ನೀರು ನಿಂತಿರುವ ಸಾಧ್ಯತೆ ಜಾಸ್ತಿ. ಆ ನೀರನ್ನು ಹುಡುಕುವ ತನಕ ಎಸಿ ರಿಪೇರಿಗೆ ದುಡ್ಡು ಕೊಡಬೇಡಿ. ನಮ್ಮ ಹತ್ತಿರ ಕೊಡಿಸಿದರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬೆಳ್ತಂಗಡಿ ಕಡೆ. ಬೇಸಿಗೆಯಲ್ಲಿ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದೆವು. ಗಾಡಿ ಚೆನ್ನಾಗಿತ್ತು, ಓಡಿದ್ದೂ ಕಡಿಮೆ. ಮಾರಿದವರು ನೆಲ ಪೂರ್ತಿ ಮುಚ್ಚುವ ಹೊಸ 7ಡಿ ಮ್ಯಾಟ್ ಕೂಡ ಹಾಕಿಸಿಕೊಟ್ಟಿದ್ದರು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರುವಾಯಿತು. ಗ್ಯಾರೇಜಿಗೆ ಕೊಟ್ಟರೆ ಮೊದಲು ಗ್ಯಾಸ್ ಕಡಿಮೆಯಾಗಿದೆ ಅಂದರು, ತುಂಬಿದರು. ಆಮೇಲೆ ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್ ಲೀಕ್ ಅಂದರು, ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಕಾಯಿಲ್ ಹಾಕಿದರು. ಬಿಲ್ಲು ಇಪ್ಪತ್ತು ಸಾವಿರ ದಾಟಿತು. ಗಾಜು ಮೊದಲು ಹೇಗಿತ್ತೋ ಹಾಗೇ. ಜೊತೆಗೆ ಕ್ಲಿಪ್ಪುಗಳು ಮುರಿದು ಡ್ಯಾಶ್‌ಬೋರ್ಡ್ ಹೊಂಡ ಬಂದಾಗೆಲ್ಲ ಕಟಕಟ ಸದ್ದು ಮಾಡತೊಡಗಿತು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಎಸಿಯಿಂದ ಮೊದಲಿನಿಂದಲೂ ತಣ್ಣನೆ ಗಾಳಿ ಬರುತ್ತಿತ್ತು. ಗ್ಯಾಸ್ ಕಡಿಮೆ ಇದ್ದರೆ, ಕಾಯಿಲ್ ಸೋರುತ್ತಿದ್ದರೆ ಮೊದಲು ಕಡಿಮೆಯಾಗುವುದು ತಂಪು. ತಂಪು ಸರಿಯಿದೆ, ಎಸಿ ಹಾಕಿದರೆ ಗಾಜು ತಿಳಿಯಾಗುತ್ತದೆ ಅಂದರೆ ಎಸಿ ತನ್ನ ಕೆಲಸ ಮಾಡುತ್ತಿದೆ ಅಂತಲೇ ಅರ್ಥ ಅಲ್ವಾ? ಗ್ಯಾರೇಜಿನವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ.

ದುಡ್ಡು ಹೋದರೆ ಹೋಗಲಿ. ನನ್ನನ್ನು ನಿಜವಾಗಿ ಹೆದರಿಸಿದ್ದು ಚಾರ್ಮಾಡಿ. ಕೊಟ್ಟಿಗೆಹಾರ ದಾಟಿ ರಾತ್ರಿ ಘಾಟಿ ಇಳಿಯುತ್ತಿದ್ದೆವು. ಹೊರಗೆ ಮಂಜು, ಮಳೆ. ಹಿಂದಿನ ಸೀಟಲ್ಲಿ ಅಮ್ಮ, ಮಕ್ಕಳು. ಅಮ್ಮನಿಗೆ ಚಳಿಯಾಗುತ್ತದೆ ಅಂತ ಎಸಿ ಆಫ್ ಮಾಡಿದೆವು. ತಿರುವಿನಲ್ಲಿ ಎದುರಿಂದ ಬಸ್ಸಿನ ಲೈಟು ಬಿತ್ತು. ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಕರ್ಚೀಫಿನಲ್ಲಿ ಒರೆಸಿದರೆ ಗೀರು ಗೀರಾಗಿ ಎಣ್ಣೆ ಬಳಿದ ಹಾಗೆ, ಲೈಟು ಇನ್ನೂ ಚದುರಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಗಾಡಿ ನಿಲ್ಲಿಸಲು ಜಾಗ ಸಿಗುವ ತನಕ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ಓಡಿಸಬೇಕಾಯಿತು.

ಕಾರಣ ಕಂಡುಹಿಡಿದದ್ದು ನಮ್ಮ ಕಡೆಯ ಒಬ್ಬ ಟಿಂಕರಿಂಗ್ ಮೇಸ್ತ್ರಿ. ಡ್ಯಾಶ್‌ಬೋರ್ಡ್ ಸದ್ದು ಸರಿ ಮಾಡಲು ಬಂದವರು, ವಾಸನೆ ಹಿಡಿದು ಎಡಗಡೆ ಮ್ಯಾಟಿನ ಅಂಚನ್ನು ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿದರು. ಮ್ಯಾಟಿನ ಮೇಲೆ ಒಂದು ಹನಿಯೂ ಇರಲಿಲ್ಲ. ಅದರ ಕೆಳಗಿನ ಕಾರ್ಪೆಟ್ ತೇವ. ಕಾರ್ಪೆಟ್ಟಿನ ಅಡಿಗೆ ಫೆಲ್ಟ್ ಅಂತ ನೀರು ಹೀರುವ ದಪ್ಪನೆ ಬಟ್ಟೆಯಂಥ ಪದರ ಇರುತ್ತದೆ. ಅವರು ಅದರ ಮೇಲೆ ಮುಷ್ಟಿ ಊರಿದರು, ಬೆರಳ ಸಂದಿಯಲ್ಲಿ ಕಂದು ನೀರು ಉಕ್ಕಿ ಬಂತು. ಹೊಸ ಕಾಯಿಲ್ ಹಾಕಿದವರು ಇದೇ ಜಾಗದಲ್ಲಿ ಮೊಣಕಾಲೂರಿ ಕೂತು ಕೆಲಸ ಮಾಡಿದ್ದರು!

ಆಮೇಲೆ ಬಾನೆಟ್ ತೆಗೆದು, ವೈಪರ್ ಕೈಗಳನ್ನು ಬಿಚ್ಚಿ, ಅದರ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿದರು. ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಇಳಿಯುವುದು ಅಲ್ಲಿಗೆ. ಎರಡೂ ತುದಿಯಲ್ಲಿ ನೀರು ಹೊರಗೆ ಹೋಗಲು ತೂತುಗಳಿರುತ್ತವೆ. ಎಸಿಯ ಫ್ಯಾನು ಹೊರಗಿನ ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ನಮ್ಮ ಗಾಡಿಯಲ್ಲಿ ಆ ತೂತು ಕಾಣಿಸುತ್ತಲೇ ಇರಲಿಲ್ಲ. ಹೊಂಗೆ ಹೂ, ಎಲೆ, ಧೂಳು ಸೇರಿ ಕೊಳೆತು ಕರಿ ಮಣ್ಣಾಗಿ ಗಟ್ಟಿ ಕೂತಿತ್ತು. ಬೆಂಗಳೂರಲ್ಲಿ ಗಾಡಿ ಹೊಂಗೆ ಮರದಡಿ ನಿಲ್ಲುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಚೊಂಬು ನೀರು ಸುರಿದರು. ಅದು ಅಲ್ಲೇ ತುಂಬಿ ನಿಂತು, ನಿಧಾನಕ್ಕೆ ಫ್ಯಾನಿನ ಕಡೆಯಿಂದ ಒಳಗೆ ತೊಟ್ಟಿಕ್ಕಿತು. ತಂತಿ ಹಾಕಿ ಕೆದಕಿದ ಮೇಲೆ ನಿಂತ ನೀರೆಲ್ಲ ಚಕ್ರದ ಹಿಂದಿನಿಂದ ಬುಳುಬುಳು ಇಳಿದು ಹೋಯಿತು. ಅರ್ಧ ಗಂಟೆಯ ಕೆಲಸ.

ಫ್ರಿಜ್ಜಿಂದ ತೆಗೆದ ಸ್ಟೀಲ್ ಚೊಂಬು ಬೆವರುವುದೂ ಗಾಜು ಮಂಜಾಗುವುದೂ ಒಂದೇ. 30 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಿನಾವಿ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಮಳೆ ಬಿದ್ದು ತಣ್ಣಗಾದ ಗಾಜಿಗೆ ತಗುಲಿದ ಗಾಳಿ ಮಿಕ್ಕ ನೀರನ್ನು ಗಾಜಿನ ಮೇಲೇ ಬಿಡುತ್ತದೆ. ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ರೇನ್‌ಕೋಟು ಇದಕ್ಕೆ ಸಾಕು. ಅದರ ಮೇಲೆ ನೆನೆದ ಫೆಲ್ಟ್ ಇದ್ದರೆ ಆವಿಗೆ ಕೊನೆಯೇ ಇಲ್ಲ. ಅದರಲ್ಲಿ ಲೀಟರುಗಟ್ಟಲೆ ನೀರು ಕೂತಿರುತ್ತದೆ. ಎಸಿ ಗಾಳಿಯನ್ನು ಒಣಗಿಸಿ ಆ ನೀರನ್ನು ಗಾಡಿಯ ಅಡಿಗೆ ಬಿಡುತ್ತದೆ, ಆದ್ದರಿಂದಲೇ ಅದು ಹಾಕಿದಷ್ಟು ಹೊತ್ತು ಗಾಜು ಸ್ವಚ್ಛ. ಚಳಿಯಾದರೆ ಎಸಿ ಆಫ್ ಮಾಡಬೇಡಿ, ಎಸಿ ಆನ್ ಇಟ್ಟುಕೊಂಡೇ ಹೀಟರ್ ಜಾಸ್ತಿ ಮಾಡಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಕಾರಿನ ಚಿತ್ರದೊಳಗೆ ಸುತ್ತುವ ಬಾಣ ಇರುವ ಬಟನ್ ಇದೆಯಲ್ಲ, ಮಳೆಯಲ್ಲಿ ಅದು ಆಫ್ ಇರಲಿ. ಧೂಳು ಬರುತ್ತದೆ ಅಂತ ಹೆಚ್ಚಿನವರು ಅದನ್ನು ವರ್ಷವಿಡೀ ಒತ್ತಿಟ್ಟಿರುತ್ತಾರೆ. ಆಗ ನಿಮ್ಮ ಉಸಿರಿನ ತೇವ ಒಳಗೇ ಸುತ್ತುತ್ತಿರುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಸುಲಭದ ಗುರುತುಗಳಿವೆ. ಮಳೆ ಬಂದ ಮೇಲೆ, ಇಲ್ಲವೇ ಗಾಡಿ ತೊಳೆದ ಮೇಲೆ ಮಾತ್ರ ಒದ್ದೆಯಾದರೆ ಹೊರಗಿನ ನೀರು. ವೈಪರ್ ಕೆಳಗಿನ ತೂತು, ಸನ್‌ರೂಫ್ ಇದ್ದರೆ ಅದರ ಮೂಲೆಗಳ ಸಣ್ಣ ಪೈಪು, ಸ್ಪೀಕರ್ ಹಾಕುವಾಗ ಹರಿದ ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ, ಡಿಕ್ಕಿ ಕಡೆ ಹಿಂದಿನ ಲೈಟಿನ ರಬ್ಬರು, ಇವನ್ನೆಲ್ಲ ನೋಡಿ. ಮಳೆ ಇಲ್ಲದ ದಿನವೂ ಎಸಿ ಹಾಕಿದ ಮೇಲೆ ಮುಂದಿನ ಸೀಟಿನ ಕಾಲ ಬಳಿ ಒದ್ದೆಯಾದರೆ ಎಸಿ ನೀರು ಹೋಗುವ ಪೈಪು ಕಟ್ಟಿರಬಹುದು. ತೇವದ ವಾತಾವರಣದಲ್ಲಿ ಎಸಿ ಹಾಕಿ ನಿಂತ ಗಾಡಿಯ ಅಡಿಯಿಂದ ನೀರು ತೊಟ್ಟಿಕ್ಕಲೇಬೇಕು. ಪೈಪು ಕಟ್ಟಿದ್ದರೆ ಅದನ್ನು ಬಿಡಿಸಿದರೆ ಸಾಕು, ಕಾಯಿಲ್ ಬದಲಿಸುವುದು ಬೇಡ. ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು, ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್ ಕಡಿಮೆಯಾಗುತ್ತಿರುವುದು ಒಟ್ಟಿಗೆ ಕಂಡರೆ ಮಾತ್ರ ಹೀಟರ್ ಸೋರಿಕೆಯ ಅನುಮಾನ. ಅದನ್ನು ಮುಂದೆ ಹಾಕಬೇಡಿ.

ಮಂಜು ಹೊರಮೈಯಲ್ಲಿ ಕೂತಿದ್ದರೆ ಲೆಕ್ಕವೇ ಬೇರೆ. ಮಂಗಳೂರು, ಉಡುಪಿ ಕಡೆ ಸೆಖೆಯಲ್ಲಿ ಎಸಿ ಜೋರಾಗಿಟ್ಟರೆ ಗಾಜು ಹೊರಗಿನ ಗಾಳಿಗಿಂತ ತಣ್ಣಗಾಗಿ ಹೊರಗಡೆ ಮಂಜು ಹಿಡಿಯುತ್ತದೆ. ವೈಪರ್ ಒಂದು ಸಲ ಹಾಕಿ ನೋಡಿ. ಹೋದರೆ ಅದು ಹೊರಗಿನದ್ದು, ತಂಪು ಕಡಿಮೆ ಮಾಡಿದರೆ ಸಾಕು.

ಗಾಜಿಗೆ ಶಾಂಪೂ ಹಚ್ಚಿ, ಶೇವಿಂಗ್ ಕ್ರೀಮ್ ಹಚ್ಚಿ, ಹೊಗೆಸೊಪ್ಪು ತಿಕ್ಕಿ ಅಂತ ಸಲಹೆ ಕೊಡುವವರು ಬಹಳ. ಶಾಂಪೂ, ಕ್ರೀಮು ಸ್ವಲ್ಪ ಹೊತ್ತು ಹನಿ ಕಟ್ಟದಂತೆ ತಡೆಯಬಹುದು. ಫೆಲ್ಟಿನ ನೀರಿಗೆ ಅದು ಮದ್ದಲ್ಲ. ಹೊಗೆಸೊಪ್ಪು ಲಾರಿಯವರು ವೈಪರ್ ಕೆಟ್ಟಾಗ ಗಾಜಿನ ಹೊರಗೆ ತಿಕ್ಕುತ್ತಿದ್ದದ್ದು, ಒಳಗಿನ ಮಂಜಿಗೆ ಅಲ್ಲ. ಡ್ಯಾಶ್‌ಬೋರ್ಡ್ ಪಾಲಿಶ್ ಒರೆಸಿದ ಬಟ್ಟೆಯನ್ನಂತೂ ಗಾಜಿಗೆ ಮುಟ್ಟಿಸಲೇಬೇಡಿ, ರಾತ್ರಿ ಕಣ್ಣು ಕತ್ತಲೆ ಬರಿಸುವ ಜಿಡ್ಡು ಅದರದ್ದೇ.

ನೆನೆದ ಫೆಲ್ಟ್ ತಾನಾಗಿ ಒಣಗುವುದಿಲ್ಲ, ಅದರಲ್ಲೂ ನಮ್ಮ ಕಡೆಯ ಆಷಾಢದಲ್ಲಿ. ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆಯಬೇಕು. ಸೀಟಿನಡಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗ್ ವೈರು, ಗೊತ್ತಿಲ್ಲದವರ ಕೈಗೆ ಕೊಡಬೇಡಿ. ನಮ್ಮದರಲ್ಲಿ ಆ ಕನೆಕ್ಟರಿನ ಪಿನ್ನುಗಳು ಆಗಲೇ ಹಸಿರುಗಟ್ಟಿದ್ದವು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ನೆಲದ ತಗಡೂ ತುಕ್ಕು ಹಿಡಿಯುತ್ತಿತ್ತು.

ಹಳೆ ಕಾರು ಕೊಳ್ಳುವವರು ದಯವಿಟ್ಟು ಇದನ್ನು ಮೊದಲೇ ನೋಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಎಷ್ಟೋ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯ ತನಕ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ ನೋಡಿ. ಹೊಸ 7ಡಿ ಮ್ಯಾಟ್ ಹಾಕಿಸಿದ್ದರೆ ಖುಷಿ ಪಡುವ ಮೊದಲು ಅಂಚು ಎತ್ತಿಸಿ, ಕಾರ್ಪೆಟ್ಟನ್ನು ಕೈಯಿಂದ ಒತ್ತಿ ನೋಡಿ. ಎತ್ತಲು ಬಿಡುವುದಿಲ್ಲ ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.