ಬಳಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಳ್ಳುವ ಕಾಲೇಜಿನವರೇ, ಮೊದಲೇ ಪೂರ್ತಿ ಹಣ ಕೊಡಬೇಡಿ

ಮಂಗಳೂರಿನ ನಮ್ಮ ಕಾಲೇಜು ಮೋಸಹೋಯಿತು. ಖರೀದಿ ಸಮಿತಿಯಲ್ಲಿ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು.

ರಸಾಯನಶಾಸ್ತ್ರದವರಿಗೆ ನ್ಯಾನೋ ಕಣ, ಭೂವಿಜ್ಞಾನದವರಿಗೆ ಮುರಕಲ್ಲು, ಸಸ್ಯಶಾಸ್ತ್ರದ ನನಗೆ ನೇತ್ರಾವತಿ ಅಳಿವೆಯ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಎಲ್ಲರಿಗೂ ಒಂದೇ ಯಂತ್ರವೆಂದು ಅನುದಾನ ಒಟ್ಟುಮಾಡಿದ್ದೆವು. ಡೆಮೊದಲ್ಲಿ ಕಂಡ ಚಿತ್ರ ಕಣ್ಣು ಕುಕ್ಕುವಂತಿತ್ತು: ಇಂಗಾಲದ ಮೇಲೆ ಚಿನ್ನದ ಕಣಗಳು. ಆ ಮಾದರಿ ಯಂತ್ರ ಮಾರುವವರೇ ತಂದದ್ದು, ಯಂತ್ರದ ಪರೀಕ್ಷೆಗೆಂದೇ ಮಾಡಿದ್ದು! ನನ್ನ ಡಯಾಟಮ್ ಇಟ್ಟು ತೋರಿಸಿ ಎಂದು ನಾನೇಕೆ ಕೇಳಲಿಲ್ಲ?

ಮಾರ್ಚ್ ಮುಗಿದರೆ ಅನುದಾನ ವಾಪಸ್. ಅದು ಅವರಿಗೂ ಗೊತ್ತಿತ್ತು. ಪೂರ್ತಿ ಹಣ ಕೊಟ್ಟೆವು. ಪೂರ್ತಿ!

ಮೇ ತಿಂಗಳಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮೂಲಧಾತು ಗುರುತಿಸುವ ಇಡಿಎಸ್ ಡಿಟೆಕ್ಟರ್‌ನ ಹಿಂದೆ ಹಾಲಿನ ಕ್ಯಾನಿನಂಥ ಪಾತ್ರೆ ಕಂಡಿತು. ಎದೆ ಧಸಕ್ಕೆಂದಿತು. ಅದು ದ್ರವ ಸಾರಜನಕ ತುಂಬುವ ಪಾತ್ರೆ, ಮೈನಸ್ 196 ಡಿಗ್ರಿಯದು. ಈಗಿನ ಡಿಟೆಕ್ಟರ್‌ಗಳು ವಿದ್ಯುತ್ತಿನಿಂದಲೇ ತಣ್ಣಗಾಗುತ್ತವೆ. ಇದು ಹಳೆಯ ಕಾಲದ್ದು, ಕೆಲವೇ ದಿನಗಳಿಗೊಮ್ಮೆ ತುಂಬುತ್ತಲೇ ಇರಬೇಕು. ಫೋನ್ ಮಾಡಿದರೆ ಬಂದ ಉತ್ತರ: "ಕೊಟೇಶನ್‌ನಲ್ಲಿ ಡಿಟೆಕ್ಟರ್ ಎಂದಿದೆ, ಡಿಟೆಕ್ಟರ್ ಕೊಟ್ಟಿದ್ದೇವೆ. ಸಾರಜನಕ ಬೇಡ ಎಂದು ಎಲ್ಲಿ ಬರೆದಿದೆ, ತೋರಿಸಿ ಮೇಡಂ." ಎಲ್ಲಿಯೂ ಬರೆದಿರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮಾದರಿ ಇಡಲು ಯಂತ್ರದ ಒಳಕೋಣೆ ತೆರೆದರೆ ತೇವದ ಗಾಳಿ ಒಳಗೆ, ಆಮೇಲೆ ಗಂಟೆಗಟ್ಟಲೆ ಪಂಪ್ ಓಡಿದರೂ ನಿರ್ವಾತ ಬರುತ್ತಿರಲಿಲ್ಲ. ಗಾಳಿ ಹೀರುವ ರೋಟರಿ ಪಂಪಿನ ಗಾಜಿನ ಕಿಂಡಿಯಲ್ಲಿ ನೋಡಿದರೆ ಎಣ್ಣೆ ನೀರು ಬೆರೆತು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಇದಕ್ಕೂ ಉತ್ತರ ಸಿದ್ಧವಿತ್ತು: "ಯಂತ್ರ ಸರಿಯಿದೆ, ನಿಮ್ಮ ಊರಿನ ಹವೆ ಸರಿಯಿಲ್ಲ." ಸ್ಥಳ ಪರಿಶೀಲನೆಗೆ ಬಂದವರು ಇವರೇ ಅಲ್ಲವೇ? ಅಂದು ಬಾಗಿಲಿನ ಅಗಲ ಅಳೆದು, ಚಹಾ ಕುಡಿದು ಹೋದರು. ತೇವ ಅಳೆಯಲಿಲ್ಲ, ಕಂಪನ ಅಳೆಯಲಿಲ್ಲ, ಒಳಕೋಣೆ ತೆರೆಯುವಾಗ ತೇವದ ಗಾಳಿಯ ಬದಲು ಒಳಗೆ ಬಿಡಲು ಒಣ ಸಾರಜನಕದ ಸಿಲಿಂಡರ್ ಬೇಕೆಂದು ಬಾಯಿ ಬಿಡಲಿಲ್ಲ.

ನಿಮ್ಮ ಕೋಣೆಯಲ್ಲಿ, ನಿಮ್ಮದೇ ಮಾದರಿಯ ಚಿತ್ರ ಬರುವವರೆಗೆ ದೊಡ್ಡ ಮೊತ್ತ ತಡೆಹಿಡಿಯಿರಿ. ಸಾಧ್ಯವಾದರೆ ಮಳೆಗಾಲದಲ್ಲೇ ಪರೀಕ್ಷಿಸಿ. ಡಿಟೆಕ್ಟರ್ ಹೇಗೆ ತಣ್ಣಗಾಗುತ್ತದೆ ಎಂಬುದನ್ನು ಕೊಟೇಶನ್‌ನಲ್ಲೇ ಬರೆಸಿ. ಬಾಯಿಮಾತು ನಂಬಲೇಬೇಡಿ.

ಕಳೆದ ವಾರ ಮತ್ತೆ ಕರೆ ಮಾಡಿದೆ. ಮೊದಲು ವಾರ್ಷಿಕ ನಿರ್ವಹಣೆಯ ಹಣ ಕಟ್ಟಿ, ಆಮೇಲೆ ಎಂಜಿನಿಯರ್ ಕಳುಹಿಸುತ್ತೇವೆ ಎಂದರು. ನನ್ನ ವಿದ್ಯಾರ್ಥಿನಿ ಡಯಾಟಮ್ ಸೀಸೆ ಹಿಡಿದು ಬೇರೆ ಪ್ರಯೋಗಾಲಯಕ್ಕೆ ಬಸ್ ಹತ್ತಿದ್ದಾಳೆ.