ಕಡಲ ಬದಿ ಜಾಗಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಕುಂದಾಪುರದಿಂದ ಬೈಂದೂರಿನವರೆಗೆ ಹೆದ್ದಾರಿ 66ರ ಕಡಲ ಬದಿಯಲ್ಲಿ ಜಾಗ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೇರೆ ಕಡೆ ನೋಡುತ್ತಿರುವವರೂ ಓದಿ. ನನ್ನ ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ನಿಮ್ಮದಾದರೂ ಉಳಿಯಲಿ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 40 ಸೆಂಟ್ಸ್, ಬೀಚ್ ಟಚ್, ರೆಸಾರ್ಟಿಗೆ ಹೇಳಿ ಮಾಡಿಸಿದ ಜಾಗ, ದಾಖಲೆ ಹಂಡ್ರೆಡ್ ಪರ್ಸೆಂಟ್ ಕ್ಲಿಯರ್. ಬ್ರೋಕರ್ ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ), ಸರ್ವೆ ನಕ್ಷೆ ಎಲ್ಲವನ್ನೂ ಫೈಲ್ ಮಾಡಿ ಕೈಗಿಟ್ಟ. ವಕೀಲರಿಗೆ ತೋರಿಸಿದೆ. ಟೈಟಲ್ ಸರಿ ಇದೆ ಅಂದರು. ಸರಿಯೇ ಇತ್ತು! ಮೋಸ ಇರುವುದೇ ಅಲ್ಲಿ. ಒಂದು ಕಾಗದವೂ ಸುಳ್ಳಲ್ಲ. ಆದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ, ಅಂದರೆ ಕಡಲ ಬದಿ ಕಟ್ಟಡ ಕಟ್ಟಲು ಮಿತಿ ಹಾಕುವ ನಿಯಮ) ಪಹಣಿಯಲ್ಲೂ ಕಾಣಲ್ಲ, ಇಸಿಯಲ್ಲೂ ಕಾಣಲ್ಲ.

ಸಿಆರ್‌ಝಡ್ ಬಗ್ಗೆ ನಾನು ಬಾಯಿಬಿಟ್ಟು ಕೇಳಿದ್ದೆ. ಅದಕ್ಕೆ ಬಂದ ಉತ್ತರ: "ಅಯ್ಯೋ ಸಾರ್, ಅದೆಲ್ಲ ಹಳೇ ಕಥೆ. 2019ರಲ್ಲಿ ಸಡಿಲ ಮಾಡಿದ್ದಾರೆ. ಮೊದಲು 200 ಮೀಟರ್ ಇತ್ತು, ಈಗ ಬರೀ 50." ಮೊಬೈಲಿನಲ್ಲಿ ಪೇಪರ್ ಸುದ್ದಿ ಬೇರೆ ತೋರಿಸಿದ. ಕಡಲಿನಿಂದ ಎಷ್ಟು ದೂರದವರೆಗೆ ಹೊಸದಾಗಿ ಕಟ್ಟುವಂತಿಲ್ಲ ಅನ್ನುವ ಲೆಕ್ಕ ಇದು. ಸುದ್ದಿ ನಿಜವೇ, ಆದರೆ ಅರ್ಧ. ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳಿಗೆ ಮಾತ್ರ 50 ಮೀಟರ್. ಅದೂ 2011ರ ಜನಗಣತಿ ಲೆಕ್ಕದಲ್ಲಿ. ಉಳಿದ ಹಳ್ಳಿಗಳಿಗೆ ಅದೇ 200. ಇವನು ತೋರಿಸಿದ ಊರಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೆಂಗಿನ ತೋಟ. ಅಷ್ಟು ಜನ ಎಲ್ಲಿಂದ ಬರಬೇಕು?

ಇನ್ನೊಂದು ಆಟ ಇದೆ. ಜಾಗ ತೋರಿಸುವುದು ಚಳಿಗಾಲದಲ್ಲಿ. ಆಗ ಮರಳು ಅಗಲವಾಗಿ ಹರಡಿಕೊಂಡಿರುತ್ತದೆ, ನೀರು ಎಲ್ಲೋ ದೂರ. ಅಳತೆ ಶುರುವಾಗುವುದು ಅಂದು ಕಾಣುವ ನೀರಿನಿಂದ ಅಲ್ಲ, ಉಬ್ಬರ ರೇಖೆಯಿಂದ, ಅಂದರೆ ಉಬ್ಬರದ ನೀರು ಮೇಲೆ ಬಂದು ಮುಟ್ಟುವ ಗೆರೆಯಿಂದ. ಅಲ್ಲೇ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು "ಮಳೆಗಾಲ್ದಗೆ ನೀರ್ ಇಲ್ಲಿವರಿಗೆ ಬತ್ತ್ ಮಾರಾಯ್ರೆ" ಅಂದಾಗ ಬ್ರೋಕರ್ ನಕ್ಕು ಮಾತು ತೇಲಿಸಿಬಿಟ್ಟ. ಕಡಲ್ಕೊರೆತ ಅಂತ ಪ್ರತಿ ಜೂನ್, ಜುಲೈನಲ್ಲಿ ಪೇಪರ್ ತುಂಬಾ ಬರುತ್ತದಲ್ಲ, ಅದು ಇಂಥ ಜಾಗಗಳದ್ದೇ ಸುದ್ದಿ.

ಅಡ್ವಾನ್ಸ್ ಕೊಟ್ಟಾದ ಮೇಲೆ ಪ್ಲಾನ್ ಮಾಡಿಸಲು ಹೊರಟಾಗ ಬಣ್ಣ ಬಯಲಾಯಿತು. ಕಚೇರಿಯಲ್ಲಿ ನಕ್ಷೆ ತೆಗೆದು ಸರ್ವೆ ನಂಬರ್ ಮೇಲೆ ಬೆರಳಿಟ್ಟರು. "ಇದು ಪೂರ್ತಿ ಎನ್‌ಡಿಝಡ್." ಅಂದರೆ ಹೊಸದಾಗಿ ಕಟ್ಟಡ ಕಟ್ಟುವಂತಿಲ್ಲದ ವಲಯ. ಪೂರ್ತಿ! 40 ಸೆಂಟ್ಸಿನಲ್ಲಿ ಒಂದು ಸೆಂಟ್ಸೂ ಹೊರಗಿಲ್ಲ. ಹಾಗಾದರೆ ಏನು ಕಟ್ಟಬಹುದು ಅಂತ ಕೇಳಿದೆ. "ಮೊದಲಿಂದ ಅಧಿಕೃತ ಮನೆ ಇದ್ದರೆ ಇದ್ದಷ್ಟೇ ಅಳತೆಯಲ್ಲಿ ರಿಪೇರಿ ಮಾಡಿಕೊಳ್ಳಿ. ಮನೆ ಇದೆಯಾ?" ಮನೆ ಎಲ್ಲಿದೆ? ಇರುವುದು ನಾಲ್ಕು ತೆಂಗಿನ ಮರ. ಬ್ರೋಕರ್ ನಮ್ಮದೇ ಅಂದಿದ್ದ ಗಾಳಿಮರದ ಸಾಲು ಸರಕಾರಿ ಪರಂಬೋಕು ಅಂತಲೂ ಅಲ್ಲೇ ಗೊತ್ತಾಯಿತು. ಹಿಂದೆ ಕಾಯುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು. ರೆಸಾರ್ಟ್ ಕಟ್ಟುತ್ತೇವೆ ಅಂತ ನೆಂಟರಿಗೆಲ್ಲ ಹೇಳಿಯೂ ಆಗಿತ್ತು.

ಬ್ರೋಕರ್‌ಗೆ ಫೋನ್ ಮಾಡಿದೆ. ಮೊದಲು "ಹೌದಾ ಸಾರ್? ನಮಗೂ ಗೊತ್ತಿರಲಿಲ್ಲ." ಆಮೇಲೆ "ಪಕ್ಕದಲ್ಲಿ ರೆಸಾರ್ಟ್ ಇದೆಯಲ್ಲ, ಅವರು ಹೇಗೆ ಕಟ್ಟಿದರು? ಎಲ್ಲಾ ಅಡ್ಜಸ್ಟ್ ಆಗುತ್ತೆ." ಆಮೇಲೆ "ಹೋಮ್‌ಸ್ಟೇ ಅಂತ ಮಾಡಿ ಬಿಡಿ." ಹೋಮ್‌ಸ್ಟೇಗೆ ಅವಕಾಶ ಇರುವುದು ಅಲ್ಲಿನ ಸ್ಥಳೀಯರು ತಮ್ಮ ಹಳೇ ಮನೆಯನ್ನು ಹಾಗೇ ಇಟ್ಟುಕೊಂಡು ಮಾಡುವುದಕ್ಕೆ. ನಾನು ಸ್ಥಳೀಯನೂ ಅಲ್ಲ, ಅಲ್ಲಿ ಮನೆಯೂ ಇಲ್ಲ! ಹಣ ವಾಪಸ್ ಕೇಳಿದಾಗ ದನಿಯೇ ಬದಲಾಯಿತು. "ನೀವಾಗಿ ಹಿಂದೆ ಸರಿದರೆ ಅಡ್ವಾನ್ಸ್ ಇಲ್ಲ, ಕರಾರಿನಲ್ಲಿ ಇದೆ. ನಾನು ಜಾಗ ಮಾರ್ತೀನಿ ಸಾರ್, ಪರ್ಮಿಷನ್ ಮಾರಲ್ಲ. ನೀವು ಓದಿದವರು." ಈ ಮಾತು ಈಗಲೂ ಉರಿಸುತ್ತಿದೆ. ರೆಸಾರ್ಟಿಗೆ ಹೇಳಿ ಮಾಡಿಸಿದ ಜಾಗ ಅಂತ ಬರೆದವನು ಯಾರಪ್ಪಾ? ಈಗ ಫೋನ್ ಎತ್ತುತ್ತಿಲ್ಲ. ವಕೀಲರ ನೋಟಿಸ್ ಹೋಗಿದೆ.

ಪಹಣಿ ನೋಡಿ ಖುಷಿಪಡಬೇಡಿ. ಸರ್ವೆ ನಂಬರ್ ಹಿಡಿದು ಉಡುಪಿಯಲ್ಲಿ ಸಿಆರ್‌ಝಡ್ ನೋಡಿಕೊಳ್ಳುವ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ನೀವೇ ಹೋಗಿ, ಬ್ರೋಕರ್ ಜೊತೆ ಬೇಡ. ಹೊಳೆ ಬದಿ ಜಾಗ ಅಂತ ಸುಮ್ನೆ ಇರಬೇಡಿ, ಉಬ್ಬರದ ನೀರು ಬರುವ ಹೊಳೆಗೂ ಸಿಆರ್‌ಝಡ್ ಇದೆ. ಜಾಗವನ್ನು ಒಮ್ಮೆ ಮಳೆಗಾಲದಲ್ಲಿ ನೋಡಿ. ಕಟ್ಟಲು ಅನುಮತಿ ಸಿಗದಿದ್ದರೆ ಪೂರ್ತಿ ಹಣ ವಾಪಸ್ ಅಂತ ಕರಾರಿನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ, ಅವರ ಎಳನೀರನ್ನೂ ಕುಡಿಯಬೇಡಿ.